ಸಂದು

ಶಹಾಬಾದದಿಂದ ಪ್ಯಾಸೆಂಜರ್ ಹತ್ತಿ ಬಂದೆ,
ಕಿಸೆದಾಗ ನಾಲ್ಕು ಹಾಳಿ, ಎರಡೂ ಮಗ್ಗಲ ಬರದದ್ದು.
ಕಲಬುರಗಿ, ಸೂಪರ್ ಮಾರ್ಕೆಟ್ ಹಿಂದ
ಒಂದು ಫಂಕ್ಷನ್ ಹಾಲ್. ಬಾಗಲಾಗ ಬ್ಯಾನರು:
ಮೊಬೈಲಿನಾಗ ಬರಿಯೋರ ಕೂಟ.
ಹೆಸರು ಬರಕೊಳ್ಳೋ ಹುಡುಗಿ ಕೇಳಿದಳು,
‘ನೀವು ಯಾನ್ ಬರೀತೀರಿ?’
‘ಫರಸಿ ಹಾಕ್ತೀನ್ರಿ,’ ಅಂದೆ.
ಆಕಿ ಅದನ್ನೇ ಬರಕೊಂಡಳು:
ಸಾಯಬಣ್ಣ, ಫರಸಿ.

ಏಳು ವರ್ಷ ಆಯ್ತು.
ಹಗಲು ಮಂದಿ ಮನ್ಯಾಗ ಮೊಣಕಾಲೂರಿ ಕಲ್ಲು ಕೂಡಿಸ್ತೀನಿ,
ರಾತ್ರಿ ಆ ಮನಿ ಬರೀತೀನಿ.
ಯಾರು ದೇವರ ಜಗಲಿಗಿ ಹೊಳಪಿನ ಕಲ್ಲು ಬೇಕಂದ್ರು,
ಯಾರು ಸೊಸಿ ನಿಂದ್ರೋ ಒಲಿ ಮುಂದ
ಒಡಕು ಕಲ್ಲೇ ಸಾಕಂದ್ರು.
ಕೆಳಗ ಒಂದು ಅಂಕಿ ಬರ್ತದ:
ಓದಿದವರು ಹದಿನಾಲ್ಕು.
ಹೋದ ವರ್ಷ ಒಂದು ತಿಂಗಳು ಹದಿಮೂರೇ ಬಂತು.
ಆ ಒಬ್ಬರಿಗಿ ಯಾನಾಯ್ತು ಅಂತ ನಿದ್ದಿ ಹತ್ತಲಿಲ್ಲ.
‘ಅಂಕಿಗಿ ಮಾರಿ ಇರ್ತದೇನು?
ದೀಪ ಆರಸು,’ ಅಂದಳು ಹೆಂಡತಿ.

ಮುಂಜಾನಿ ಮಾತಾಡಿದವರೆಲ್ಲ ಭಾಳ ಶಾಣ್ಯಾರು.
ಒಬ್ಬ ರೊಕ್ಕ ಹ್ಯಾಂಗ ಬರ್ತದಂತ ಹೇಳಿದ,
ಒಬ್ಬಾಕಿ ಫೋಟೋ ಹ್ಯಾಂಗ ತಗೀಬೇಕಂತ.
ಬರಕೊಂಡೆ. ಅರ್ಧ ತಿಳೀಲಿಲ್ಲ.
ಸುಸಲಾ, ಮಿರ್ಚಿ, ಚಾ.
ಆಮ್ಯಾಲ ನನ್ನ ಪಾಳಿ.

ಮೈಕು ಕಿರ್ರಂತು.
ಮೊದಲನೇ ವಾಕ್ಯಕ್ಕೇ ದಮ್ಮು ಸಾಲಲಿಲ್ಲ.
ಏಳು ವರ್ಷದಾಗ ಗೊತ್ತೇ ಆಗಿರಲಿಲ್ಲ ನನಗ
ನನ್ನ ಮಾತು ನನ್ನ ಬಾಯಾಗೇ ಹಿಡಿಯೂದಿಲ್ಲಂತ.
ನಡುವ ನಿಂತೆ. ಹಾಳಿ ಬೆವರಿಗಿ ಮೆತ್ತಗಾದವು.
ಮಂದಿ ಮಾರಿ ನೋಡಲಾರದೆ ನೆಲ ನೋಡಿದೆ.
ನೆಲ, ನಮ್ಮೂರ ಕಲ್ಲು.
ಮುಂದಿನ ಸಾಲಿನ ಕುರ್ಚಿ ಹತ್ರ ಒಂದು
ಬೆರಳಿನಷ್ಟು ಎದ್ದು ನಿಂತಿತ್ತು.

‘ಅದು ನೋಡ್ರಿ,’ ಅಂದೆ, ಹಾಳಿ ಬಿಟ್ಟು.
‘ಹಾಕಿದಾವಗ ಅವಸರ ಇತ್ತು.
ಚಂದ ಕಾಣಲಿ ಅಂತ ಕಲ್ಲಿಗಿ ಕಲ್ಲು ಹಚ್ಚಿ ಕೂಡಿಸ್ಯಾನ,
ಸಂದು ಬಿಟ್ಟಿಲ್ಲ.
ನಮ್ಮ ಮೇ ತಿಂಗಳ ಬಿಸಲು ನಿಮಗ ಹೇಳಬೇಕೇನು?
ಕಲ್ಲೂ ಉಬ್ಬತದ್ರಿ.
ಜಾಗ ಸಿಗದಿದ್ರ ಹಿಂಗ ಎದ್ದು ನಿಲ್ತದ.’
ಯಾರೋ ನಕ್ಕರು.
ಹಿಂದಿನ ಸಾಲಿನವರು ಎದ್ದೆದ್ದು ನೆಲ ನೋಡಿದರು.
ಹನ್ನೆರಡು ನಿಮಿಷ ಮಾತಾಡಿದೆನಂತ. ನೆನಪಿಲ್ಲ.

ಇಳದ ಮ್ಯಾಲ ಒಬ್ಬಾಕಿ ಬಂದಳು,
ಹುಮನಾಬಾದ ದವಾಖಾನಿ ನರ್ಸು, ಸುವಾರ್ತಾ.
‘ರಾತ್ರಿ ಡ್ಯೂಟಿಯಾಗ ಓದ್ತೀನ್ರಿ, ಎರಡು ಗಂಟೆಕ್ಕ,
ಎಲ್ಲರೂ ಮಲಗಿದ ಮ್ಯಾಲ.
ಹೋದ ಆಗಸ್ಟಿನಾಗ ಓದಲಿಲ್ಲ.
ನಮ್ಮಪ್ಪ ತೀರಿಕೊಂಡಿದ್ದ.’
ಹದಿಮೂರು.
ಆ ಅಂಕಿಗಿ ಮೂಗಿತ್ತು,
ಮೂಗಿನ ಮ್ಯಾಲ ಚಶ್ಮಾ ಒತ್ತಿದ ಗುರುತಿತ್ತು.
ಯಾನ್ ಅನಬೇಕೋ ತಿಳೀದೆ
‘ಚಾ ಕುಡದ್ರ್ಯಾ?’ ಅಂದೆ.

ಚಿತಾಪುರದ ಮೈನೋದ್ದೀನ ಚಾಚಾ,
ಖಣಿಯಾಗ ನಲವತ್ತು ವರ್ಷ,
ಬರಿಯೋ ಮೊಮ್ಮಗಳ ಜೋಡಿ ಬಂದವರು,
ನನ್ನ ಕೈ ಹಿಡದು ಬಿಡಲಿಲ್ಲ.
‘ಬೇಟಾ, ಕಲ್ಲು ಒಡೀತಾರ ಅಂತ ಬರದೀದಿ. ಗಲತ್.
ಪದರು ಪದರಾಗಿ ಮಲಗಿರ್ತದ ಅದು.
ಪದರು ಹುಡುಕಿ ಉಳಿ ಇಟ್ಟರ ತಾನೇ ಬಿಡ್ತದ.
ಒಡದರ ಬರೇ ಚೂರು.’
ಅಲ್ಲೇ ನಿಂತು ತಿದ್ದಿದೆ, ಅವರ ಪೆನ್ನಿಲೆ.

ಗಾಡಿ ಎರಡು ತಾಸು ತಡ.
‘ಯಾನ್ ಕೊಟ್ರು?’ ಹೆಂಡತಿ ಕೇಳಿದಳು.
ಒಂದು ಶಾಲು. ಎರಡು ಫೋನ್ ನಂಬರ್.
ಒಂದು ಪೆನ್ನು, ಅದೂ ಹೊಳ್ಳಿ ಕೊಡೂದು ಮರತದ್ದು.
ಆ ರಾತ್ರಿ ಬರದದ್ದನ್ನ ಬಾಯಿಬಿಟ್ಟು ಓದಿದೆ.
ಗ್ವಾಡಿ ಕಡಿ ಮಾರಿ ಮಾಡಿ ಮಲಗಿದಾಕಿ
ಅಂದಳು ನಡುವ, ‘ಅಲ್ಲಿ ನಿಂದ್ರು.
ಅದೊಂದು ಮತ್ತ ಅನ್ನು.’

ಹಾಲಿನ ಮ್ಯಾನೇಜರ್ ಫೋನ್ ಮಾಡಿದ್ದ:
ಆ ಕಲ್ಲು ಎತ್ತಿ ಕೂಡಿಸ್ತೀರೇನು ಅಂತ.
ಸೋಮವಾರ ಮತ್ತ ಪ್ಯಾಸೆಂಜರ್,
ಈ ಸಲ ಕರಣಿ, ದಾರ, ಸಿಮೆಂಟಿನ ಬುಟ್ಟಿ.
ಕೂಲಿ ಇನ್ನಾ ಮಾತಾಡಿಲ್ಲ.